ಎರಡು ವರ್ಷದ ಕಾಲೇಜು ಮತ್ತು ನಮ್ಮ ಇತಿಹಾಸದ ಓದು

ಕಳೆದ ವರ್ಷ ನವರಾತ್ರಿಯ ಸಮಯದಲ್ಲಿ ನಮ್ಮ ನೆರೆಮನೆಗೆ ಅಮೆರಿಕದಿಂದ ಬಂಧುಗಳು ಬಂದಿದ್ದರು. ಆ ಮನೆಯ ಯಜಮಾನರು ಎಂಬತ್ತೆಂಟು ವರ್ಷ ದಾಟಿದ ಹಿರಿಯರು. ಮಗನು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಬಹುಕಾಲವಾಯಿತು. ಮೊಮ್ಮಗಳು ಹತ್ತೊಂಬತ್ತರ ಹುಡುಗಿ. ಏನು ಓದುತ್ತಿರುವೆಯೆಂದು ನಾವು ವಿಚಾರಿಸಲಾಗಿ, ತಾನು ಇತಿಹಾಸವನ್ನು ಓದುತ್ತಿರುವುದಾಗಿಯೂ, ಸದ್ಯಕ್ಕೆ ಮನೆಯ ಸಮೀಪದ ‘ಕಮ್ಯುನಿಟಿ ಕಾಲೇಜಿ’ನಲ್ಲಿರುವುದಾಗಿಯೂ, ಎರಡು ವರ್ಷ ಮುಗಿದ ಬಳಿಕ ವಿಶ್ವವಿದ್ಯಾನಿಲಯಕ್ಕೆ ‘ಟ್ರಾನ್ಸ್‌ಫರ್’ ಆಗುವುದಾಗಿಯೂ ಹೇಳಿದಳು. ನೆರೆದವರಲ್ಲಿ ಕೆಲವರ ಮುಖ ಸಪ್ಪಗಾಯಿತು. ಇಂಜಿನಿಯರಿಂಗೂ ಅಲ್ಲ, ವೈದ್ಯವೂ ಅಲ್ಲ, ಸಾಲದುದಕ್ಕೆ ದೊಡ್ಡ ವಿಶ್ವವಿದ್ಯಾನಿಲಯವೂ ಅಲ್ಲ. ಏಳು ಸಮುದ್ರದಾಚೆ ಹೋಗಿ ಇದೇನು ಓದು ಎಂಬ ಭಾವ. ಆಗ ಜಗಲಿಯ ಮೂಲೆಯಲ್ಲಿ ಅಡಕೆ ಹೋಳು ಮಾಡುತ್ತ ಕುಳಿತಿದ್ದ ಅಜ್ಜನು ತಲೆಯೆತ್ತಿ, “ಇದರಲ್ಲಿ ಹೊಸತೇನುಂಟು? ನಮ್ಮ ಕಾಲದ ಸೆಕೆಂಡ್ ಗ್ರೇಡ್ ಕಾಲೇಜೇ ಅಲ್ಲವೆ!” ಎಂದರು. ಮೊಮ್ಮಗಳಿಗೆ ಅದು ತಿಳಿಯಲಿಲ್ಲ. ನಿಜವಾಗಿ ಹೇಳುವುದಾದರೆ ಅಲ್ಲಿದ್ದ ನಮ್ಮಲ್ಲಿ ಅನೇಕರಿಗೂ ತಿಳಿಯಲಿಲ್ಲ. ಆ ಮಾತಿನ ಹಿಂದಿನ ಚರಿತ್ರೆಯನ್ನು ನಮ್ಮವರ ಮುಂದಿಡಬೇಕೆಂಬ ಆಸೆಯಿಂದ, ಸಂಘದವರು ಈ ಸಂಚಿಕೆಗೆ ಲೇಖನವನ್ನು ಕೇಳಿದಾಗ ಬೇರೆ ವಿಷಯವನ್ನು ಹುಡುಕಲಿಲ್ಲ.

ಮೊದಲು ಆ ಹುಡುಗಿಯ ಕಾಲೇಜಿನ ಕುಲಗೋತ್ರವನ್ನು ನೋಡೋಣ. ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ಪ್ರಥಮಾಧ್ಯಕ್ಷರಾದ ವಿಲಿಯಂ ರೇನಿ ಹಾರ್ಪರ್ ಎಂಬವರು ಪದವಿಯ ನಾಲ್ಕು ವರ್ಷಗಳ ಓದನ್ನು ಎರಡೆರಡು ವರ್ಷಗಳ ಎರಡು ಹಂತಗಳಾಗಿ ವಿಂಗಡಿಸಿ, ೧೮೯೬ರಿಂದ ಮೊದಲನೆಯದನ್ನು ‘ಜೂನಿಯರ್ ಕಾಲೇಜು’ ಎಂದೂ ಎರಡನೆಯದನ್ನು ‘ಸೀನಿಯರ್ ಕಾಲೇಜು’ ಎಂದೂ ಕರೆದರು. ಮೊದಲ ಹಂತದ ಸಾಮಾನ್ಯ ಶಿಕ್ಷಣಕ್ಕೆ ದೊಡ್ಡ ವಿದ್ಯಾಪೀಠವೇ ಆಗಬೇಕೆಂದಿಲ್ಲ, ಊರೂರಿನ ಪ್ರೌಢಶಾಲೆಗಳ ಆಶ್ರಯದಲ್ಲಿಯೂ ಅದನ್ನು ನಡೆಸಬಹುದು ಎಂಬುದು ಅವರ ಅಭಿಪ್ರಾಯ. ಷಿಕಾಗೋ ನಗರಕ್ಕೆ ಸಮೀಪವಾದ ಜೋಲಿಯೆಟ್ ಎಂಬ ಊರಿನ ಪ್ರೌಢಶಾಲೆಯ ಮುಖ್ಯಸ್ಥರಾದ ಜೆ. ಸ್ಟ್ಯಾನ್ಲಿ ಬ್ರೌನ್ ಅವರು ಇದನ್ನು ಕಾರ್ಯಕ್ಕಿಳಿಸಿದರು. ೧೯೦೧ರಲ್ಲಿ ಅಲ್ಲಿ ಪ್ರಾರಂಭವಾದ ಕಾಲೇಜಿನ ಮೊದಲ ತರಗತಿಯಲ್ಲಿದ್ದವರು ಆರೇ ಮಂದಿ. ಕ್ಯಾಲಿಫೋರ್ನಿಯಾದಲ್ಲಿ ೧೯೦೭ರಲ್ಲಿ ಪ್ರೌಢಶಾಲೆಗಳು ಕಾಲೇಜು ಪಾಠಗಳನ್ನು ನಡೆಸಬಹುದೆಂದು ಶಾಸನವಾಯಿತು. ೧೯೧೦ರಲ್ಲಿ ಫ್ರೆಸ್ನೋ ಎಂಬ ಬೇಸಾಯಗಾರರ ಪಟ್ಟಣದಲ್ಲಿ ಆ ಪ್ರಾಂತದ ಮೊದಲ ಇಂತಹ ಕಾಲೇಜು ತೆರೆಯಿತು. ಎರಡನೆಯ ಮಹಾಯುದ್ಧದ ಅನಂತರ ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಆಯೋಗವು ೧೯೪೭ರ ತನ್ನ ವರದಿಯಲ್ಲಿ ಇವುಗಳಿಗೆ ‘ಕಮ್ಯುನಿಟಿ ಕಾಲೇಜು’, ಎಂದರೆ ಸಮುದಾಯದ ಕಾಲೇಜು, ಎಂಬ ಹೆಸರನ್ನು ಪ್ರಚಾರಕ್ಕೆ ತಂದಿತು.

ಅಲ್ಲಿ ಇತಿಹಾಸದ ವಿದ್ಯಾರ್ಥಿಯು ಸಾಮಾನ್ಯವಾಗಿ ತನ್ನ ದೇಶದ ಇತಿಹಾಸವನ್ನು ಎರಡು ಭಾಗಗಳಾಗಿಯೂ, ಜಗತ್ತಿನ ಅಥವಾ ಪಾಶ್ಚಾತ್ಯ ನಾಗರಿಕತೆಯ ಇತಿಹಾಸವನ್ನು ಎರಡು ಭಾಗಗಳಾಗಿಯೂ ಓದುತ್ತಾನೆ. ಮೂಲ ದಾಖಲೆಗಳನ್ನು ಕೈಯಲ್ಲಿ ಹಿಡಿದು ವಿಶೇಷಾಧ್ಯಯನ ಮಾಡುವುದು ಬಹುಮಟ್ಟಿಗೆ ವಿಶ್ವವಿದ್ಯಾನಿಲಯಕ್ಕೆ ಹೋದ ಮೇಲೆ. ಆದುದರಿಂದ ನಡುವಿನ ಆ ಸೇತುವೆಯೇ ಮುಖ್ಯ. ಇಲ್ಲಿ ಓದಿದುದನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುವರೇ ಇಲ್ಲವೇ? ಅಮೆರಿಕದಲ್ಲಿ ಒಂದೊಂದು ವಿಶ್ವವಿದ್ಯಾನಿಲಯವೂ ಸ್ವತಂತ್ರವಾದುದರಿಂದ, ಕಾಲೇಜು ಕಾಲೇಜಿಗೆ ಪ್ರತ್ಯೇಕ ಒಡಂಬಡಿಕೆ ಮಾಡಿಕೊಳ್ಳಬೇಕಾಯಿತು. ಕ್ಯಾಲಿಫೋರ್ನಿಯಾದವರು ೧೯೬೦ರ ತಮ್ಮ ಮಹಾಯೋಜನೆಯಲ್ಲಿ ಒಂದು ಜಾಣತನವನ್ನು ತೋರಿಸಿದರು. ತಮ್ಮ ವಿಶ್ವವಿದ್ಯಾನಿಲಯಗಳ ಪದವಿ ತರಗತಿಗಳಲ್ಲಿ ಮೊದಲೆರಡು ವರ್ಷದವರು ನೂರಕ್ಕೆ ನಲವತ್ತು, ಕೊನೆಯೆರಡು ವರ್ಷದವರು ಅರವತ್ತು ಎಂಬ ಪ್ರಮಾಣವನ್ನು ಗೊತ್ತುಮಾಡಿದರು. ಸಣ್ಣ ಕಾಲೇಜುಗಳಿಂದ ನಡುವೆ ಬಂದು ಸೇರುವವರಿಗೆ ಸ್ಥಳವು ಮೊದಲೇ ಕಾದಿರಬೇಕೆಂಬುದೇ ಅದರ ಇಂಗಿತ. ಅಷ್ಟಾದರೂ ಕಷ್ಟವೆಲ್ಲ ತೀರಲಿಲ್ಲವೆಂದು ತೋರುತ್ತದೆ. ಏಕೆಂದರೆ ಅರ್ಧ ಶತಮಾನ ಕಳೆದು ೨೦೧೦ರಲ್ಲಿ, ‘ಟ್ರಾನ್ಸ್‌ಫರ್’ಗೆಂದೇ ಮೀಸಲಾದ ಎರಡು ವರ್ಷದ ಪದವಿಯೊಂದನ್ನು ಏರ್ಪಡಿಸಲು ಅವರು ಮತ್ತೊಂದು ಶಾಸನವನ್ನು ಮಾಡಬೇಕಾಯಿತು.

ಇಷ್ಟೆಲ್ಲ ಅಲ್ಲಿಯ ಮಾತು. ಅಜ್ಜನು ಹೇಳಿದ ಸೆಕೆಂಡ್ ಗ್ರೇಡ್ ಕಾಲೇಜು ಜೋಲಿಯೆಟ್ಟಿಗಿಂತ ಹಳೆಯದು. ೧೮೫೪ರ ವುಡ್ ಸಾಹೇಬರ ನಿರೂಪವನ್ನನುಸರಿಸಿ ೧೮೫೭ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸು ಎಂಬ ಮೂರು ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುವಷ್ಟೆ. ಅವು ಆಗಿನ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಪರೀಕ್ಷೆ ನಡೆಸುವ ಸಂಸ್ಥೆಗಳೇ ಹೊರತು ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಪಾಠವೆಲ್ಲ ಊರೂರಿನ ಕಾಲೇಜುಗಳಲ್ಲಿ. ಮೆಟ್ರಿಕ್ಯುಲೇಷನ್ ಆದ ಮೇಲೆ ಎರಡು ವರ್ಷಕ್ಕೆ ಎಫ್.ಎ. ಎಂಬ ಪರೀಕ್ಷೆ, ಅನಂತರ ಮತ್ತೆರಡು ವರ್ಷಕ್ಕೆ ಬಿ.ಎ. ಪದವಿಯ ತನಕ ಪಾಠ ನಡೆಸುವ ಕಾಲೇಜಿಗೆ ‘ಫಸ್ಟ್ ಗ್ರೇಡ್’ ಎಂದೂ, ಎಫ್.ಎ.ಗೆ ನಿಲ್ಲುವ ಕಾಲೇಜಿಗೆ ‘ಸೆಕೆಂಡ್ ಗ್ರೇಡ್’ ಎಂದೂ ಹೆಸರು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಹೊತ್ತಿಗೆ ಎಫ್.ಎ. ಹೋಗಿ ಅದರ ಸ್ಥಾನದಲ್ಲಿ ಇಂಟರ್‌ಮೀಡಿಯೆಟ್ ಬಂದಿತು. ಹೆಸರು ಬದಲಾಯಿತು, ಎರಡು ವರ್ಷದ ಲೆಕ್ಕ ಬದಲಾಗಲಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮಂಗಳೂರಿನ ಹುಡುಗನಿಗೂ, ತಿರುನೆಲ್ವೇಲಿಯ ಹುಡುಗನಿಗೂ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಹುಡುಗನಿಗೂ ಎಫ್.ಎ.ಯ ಪ್ರಶ್ನಪತ್ರಿಕೆ ಒಂದೇ. ಸಣ್ಣ ಊರಿನಲ್ಲಿ ತೇರ್ಗಡೆಯಾದವನು ರಾಜಧಾನಿಯ ಕಾಲೇಜಿಗೆ ಹೋಗಿ ನಿಂತರೆ, ನೀನು ಓದಿದ್ದು ಏನು, ಅದಕ್ಕೆ ಇಲ್ಲಿ ಎಷ್ಟು ಬೆಲೆ ಎಂದು ಕೇಳುವ ಪ್ರಸಂಗವೇ ಇರಲಿಲ್ಲ. ಅಮೆರಿಕದವರು ಒಡಂಬಡಿಕೆಗಳಿಂದ ಕಟ್ಟಲು ಹೆಣಗಿದ ಸೇತುವೆಯು ನಮ್ಮಲ್ಲಿ ತಾನಾಗಿಯೇ ಇತ್ತು. ಆಂಗ್ಲರ ವಿದ್ಯಾಭ್ಯಾಸ ಕ್ರಮದಲ್ಲಿ ನಾವು ದೂರುವುದಕ್ಕೆ ಬೇಕಾದಷ್ಟಿದೆ. ಆದರೆ ಈ ಒಂದು ಗುಣವನ್ನು ಒಪ್ಪಲೇಬೇಕು.

ಅಂದಿನ ಕನ್ನಡ ಜನರ ಪಾಡನ್ನು ಈಗ ನೆನೆಯಬೇಕು. ೧೭೯೯ರ ಅನಂತರ ಕಂಪೆನಿಯ ಕೈಸೇರಿದ ಕನ್ನಡ ಜಿಲ್ಲೆಯನ್ನು ಮುಂದೆ ಎರಡಾಗಿ ಸೀಳಿ, ಉತ್ತರ ಭಾಗವನ್ನು ೧೮೬೨ರಲ್ಲಿ ಮುಂಬಯಿ ಪ್ರಾಂತಕ್ಕೆ ಕೊಟ್ಟರು. ಆದುದರಿಂದ ಕಾರವಾರ, ಧಾರವಾಡ, ಸೊಲ್ಲಾಪುರಗಳವರಿಗೆ ಮುಂಬಯಿ ವಿಶ್ವವಿದ್ಯಾನಿಲಯ. ಮಂಗಳೂರು, ಕಾಸರಗೋಡು, ಬಳ್ಳಾರಿ, ಆದವಾನಿ, ರಾಯದುರ್ಗ, ಮಡಕಶಿರಾ, ಹೊಸೂರು, ನೀಲಗಿರಿ, ಕೊಳ್ಳೇಗಾಲಗಳವರಿಗೆ ಮದರಾಸು. ಮೈಸೂರು ಸಂಸ್ಥಾನದ ಕಾಲೇಜುಗಳು ಸಹ ೧೯೧೬ರಲ್ಲಿ ತಮ್ಮದೇ ವಿಶ್ವವಿದ್ಯಾನಿಲಯ ಆಗುವವರೆಗೆ ಮದರಾಸಿಗೇ ಸೇರಿದ್ದುವು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆದದ್ದು ೧೯೧೭ರಲ್ಲಿ. ಅದಕ್ಕೆ ಮುಂಚೆ ಆ ಕಡೆಯವರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ರಾಯದುರ್ಗ, ಮಡಕಶಿರಾದ ಕಡೆಯ ಮಕ್ಕಳಿಗೆ ಅನಂತಪುರದ ಸೀಡೆಡ್ ಡಿಸ್ಟ್ರಿಕ್ಟ್ಸ್ ಕಾಲೇಜು ಒದಗಿದ್ದು ೧೯೧೬ರಲ್ಲಿ. ಸೊಲ್ಲಾಪುರದ ದಯಾನಂದ ಕಾಲೇಜಂತೂ ೧೯೪೦ರ ಮಾತು.

ನಮ್ಮ ಕಾಸರಗೋಡು ತಾಲೂಕಿನವರಿಗೆ ಆಸರೆ ಮಂಗಳೂರು. ಅಲ್ಲಿ ಸರಕಾರಿ ಕಾಲೇಜು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇತ್ತು. ೧೮೮೦ರಲ್ಲಿ ಜೆಸುಯಿಟರು ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. ಸರಕಾರಿ ಕಾಲೇಜು ಬಹುಕಾಲ ಎರಡನೆಯ ದರ್ಜೆಯಲ್ಲಿಯೇ ಉಳಿಯಿತು. ಹೆಣ್ಣುಮಕ್ಕಳಿಗೆ ೧೯೨೧ರಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆಯುವವರೆಗೆ ಈ ಚರ್ಚೆಯೇ ಬಹುಮಟ್ಟಿಗೆ ಅಪ್ರಸ್ತುತ. ನಾವು ‘ಹುಡುಗ’ ಎಂದು ಬರೆಯುತ್ತಿರುವುದು ಆ ಕಾರಣದಿಂದ, ಅಭಿಮಾನದಿಂದಲ್ಲ. ಮದರಾಸಿಗೆ ಹೋಗುವುದೆಂದರೇನು? ೧೯೦೭ರಲ್ಲಿ ರೈಲು ಮಂಗಳೂರನ್ನು ಮುಟ್ಟುವವರೆಗೆ ನಮ್ಮ ಕರಾವಳಿಯವರು ಹಡಗಿನಲ್ಲೋ ದೋಣಿಯಲ್ಲೋ ಕಾಲುದಾರಿಯಲ್ಲೋ ತೆಂಕಣಕ್ಕೆ ಸಾಗಿ, ಮಲೆಯಾಳದ ರೈಲು ಹಿಡಿಯಬೇಕು. ಊಟ, ವಸತಿ, ಶುಲ್ಕ ಎಲ್ಲವೂ ನಗದು. ಭತ್ತ ಮತ್ತು ತೆಂಗಿನಕಾಯಿಗಳಲ್ಲಿ ಲೆಕ್ಕ ಹಾಕುವ ಮನೆಗಳಿಗೆ ನಗದೆಂಬುದು ಎಷ್ಟು ದುರ್ಲಭವಾಗಿತ್ತೆಂದು ವಿವರಿಸಬೇಕಾಗಿಲ್ಲ. ಎರಡು ವರ್ಷವಾದರೂ ಸಮೀಪದಲ್ಲಿ, ನೆಂಟರ ಮನೆಯಲ್ಲಿ ಉಂಡು ಓದಬಹುದಾಗಿದ್ದುದರಿಂದಲೇ ಅನೇಕರ ಓದು ನಡೆಯಿತು. ಆ ಎರಡು ವರ್ಷದಲ್ಲಿಯೇ ಮುಗಿದದ್ದೂ ಅನೇಕರದು.

ಇನ್ನು ಆ ಎರಡು ವರ್ಷದಲ್ಲಿ ಅವರು ಓದುತ್ತಿದ್ದ ಇತಿಹಾಸ ಯಾವುದು ಎಂಬ ಪ್ರಶ್ನೆಗೆ ಬರೋಣ. ಇಂಗ್ಲೆಂಡಿನದು, ಗ್ರೀಸಿನದು, ರೋಮಿನದು. ಬೇಕಲದ ಕೋಟೆಯ ಬುಡದಲ್ಲಿ ಹುಟ್ಟಿದ ಹುಡುಗನು ಅಥೆನ್ಸಿನ ಕೋಟೆಯ ವರ್ಣನೆಯನ್ನು ಬಾಯಿಪಾಠ ಮಾಡುತ್ತಿದ್ದನು. ತನ್ನ ಊರಿನ ಕೋಟೆಯನ್ನು ಕಟ್ಟಿಸಿದವರು ಕೆಳದಿಯ ನಾಯಕರೆಂಬ ಸಂಗತಿ ಅವನಿಗೆ ಅಜ್ಜಿಯ ಬಾಯಿಂದ ತಿಳಿಯಬೇಕೇ ಹೊರತು ಪುಸ್ತಕದಿಂದಲ್ಲ. ಸ್ಪಾರ್ಟದ ರಾಜರ ಹೆಸರು ಬರುತ್ತಿತ್ತು, ಕುಂಬಳೆಯ ಅರಸರದು ಬರುತ್ತಿರಲಿಲ್ಲ. ಯಕ್ಷಗಾನದ ಪಾರ್ತಿಸುಬ್ಬನು ಇದ್ದ ಊರು ಅದು ಎಂಬ ಅಭಿಮಾನವೂ ತರಗತಿಯ ಬಾಗಿಲೊಳಗೆ ಕಾಲಿಡುವಂತಿರಲಿಲ್ಲ. ಹಾಗೆಂದು ಗ್ರೀಸಿನ ಇತಿಹಾಸ ಬೇಡವೆಂದು ನಮ್ಮ ವಾದವಲ್ಲ. ಆ ಓದಿನಿಂದಲೇ ಕೆಲವರಿಗೆ ಕಾಲಗಣನೆಯ ಶಿಸ್ತೂ, ಸಾಕ್ಷ್ಯವನ್ನು ಒರೆಗೆ ಹಚ್ಚುವ ಅಭ್ಯಾಸವೂ ಬಂದುವು. ಆದರೆ ಒಂದು ಜನಾಂಗಕ್ಕೆ ಪರರ ಇತಿಹಾಸವು ಮಾತ್ರವೇ ಇತಿಹಾಸವೆಂದು ಎರಡು ಮೂರು ತಲೆಮಾರು ಕಲಿಸಿದರೆ, ತನ್ನ ಮನೆಯ ಮುಂದಿನ ಕಲ್ಲು ಅದಕ್ಕೆ ಬಟ್ಟೆ ಒಗೆಯುವ ಕಲ್ಲಾಗಿಯೇ ಕಾಣುತ್ತದೆ.

ನಮ್ಮ ನಾಡಿನ ಇತಿಹಾಸವನ್ನು ಯಾರೂ ಬರೆದಿರಲಿಲ್ಲವೇ? ಬರೆದಿದ್ದರು. ಫ್ರಾನ್ಸಿಸ್ ಬುಕಾನನ್ನನು ೧೮೦೧ರಲ್ಲಿ ಮಲೆಯಾಳದ ಕಡೆಯಿಂದ ಹೊಸದುರ್ಗ, ಬೇಕಲ, ಕುಂಬಳೆ, ಮಂಜೇಶ್ವರದ ದಾರಿಯಾಗಿ ಮಂಗಳೂರಿಗೆ ಸಾಗಿ, ಕಂಡದ್ದನ್ನೆಲ್ಲ ಬರೆದಿಟ್ಟನು. ೧೮೦೭ರಲ್ಲಿ ಅದು ಅಚ್ಚಾಯಿತು. ಫ್ಲೀಟ್ ಸಾಹೇಬರು ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ೧೮೮೨ರಲ್ಲಿ ಪ್ರಕಟಿಸಿದರು. ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳು ೧೮೮೬ರಿಂದ ಹೊರಬಂದುವು. ವಿಜಯನಗರವನ್ನು ಕುರಿತ ಸಿವೆಲ್ಲರ ಗ್ರಂಥವು ೧೯೦೦ರದು. ಆದರೆ ಇವೆಲ್ಲ ಅಧಿಕಾರಿಗಳು ಅಧಿಕಾರದಲ್ಲಿದ್ದುಕೊಂಡು ಮಾಡಿದ ಮಹತ್ಕಾರ್ಯಗಳು. ಇಂಟರ್‌ಮೀಡಿಯೆಟ್ಟಿನ ಬೆಂಚಿನವರೆಗೆ ಅವು ಇಳಿದು ಬರಲಿಲ್ಲ. ಮದರಾಸು ವಿಶ್ವವಿದ್ಯಾನಿಲಯವು ಭಾರತೀಯ ಇತಿಹಾಸಕ್ಕೆಂದು ಒಬ್ಬ ಪ್ರಾಧ್ಯಾಪಕರನ್ನು ನೇಮಿಸಿದ್ದು ೧೯೧೪ರಲ್ಲಿ. ತಾನು ಹುಟ್ಟಿದ ಐವತ್ತೇಳು ವರ್ಷಗಳ ಮೇಲೆ! ಆ ಪೀಠಕ್ಕೆ ಬಂದ ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್ಯರು ಅದಕ್ಕೆ ಮೊದಲು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದವರು. ವಿಜಯನಗರದ ಇತಿಹಾಸಕ್ಕೆ ಆಧಾರವಾದ ಸಾಹಿತ್ಯ ಭಾಗಗಳನ್ನು ಆರಿಸಿ ೧೯೧೯ರಲ್ಲಿ ಅವರು ಗ್ರಂಥರೂಪದಲ್ಲಿ ಕೊಟ್ಟರು. ನಮ್ಮ ಜಿಲ್ಲೆಯ ಪ್ರಾಚೀನ ಇತಿಹಾಸವು ಗಣಪತಿ ರಾವ್ ಐಗಳ್ ಅವರಿಂದ ಕನ್ನಡದಲ್ಲಿಯೇ ೧೯೨೩ರಲ್ಲಿ ಬಂದಿತು. ಭಾಸ್ಕರ ಆನಂದ ಸಾಲೆತ್ತೂರರ ತುಳುವ ಇತಿಹಾಸ ಇಂಗ್ಲಿಷಿನಲ್ಲಿ ೧೯೩೬ರಲ್ಲಿ, ಗುರುರಾಜ ಭಟ್ಟರ ಬೃಹದ್ಗ್ರಂಥ ೧೯೭೫ರಲ್ಲಿ.

ಸಣ್ಣ ಕಾಲೇಜಿನಿಂದ ದೊಡ್ಡ ಕಾಲೇಜಿಗೆ ಹೋಗಿ ಇತಿಹಾಸಕಾರರಾದವರಲ್ಲಿ ಒಬ್ಬರನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗಲಾರೆವು. ಕೆ.ಎ. ನೀಲಕಂಠಶಾಸ್ತ್ರಿಗಳು ತಿರುನೆಲ್ವೇಲಿ ಪ್ರಾಂತದ ಕಲ್ಲಿಡೈಕುರಿಚ್ಚಿಯಲ್ಲಿ ೧೮೯೨ರಲ್ಲಿ ಹುಟ್ಟಿದರು. ತಿರುನೆಲ್ವೇಲಿಯ ಹಿಂದೂ ಕಾಲೇಜಿನಲ್ಲಿ ಎಫ್.ಎ. ಮುಗಿಸಿ, ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಹೋಗಿ ಓದನ್ನು ಪೂರೈಸಿದರು. ಅನಂತರ ಅವರು ಮಾಡಿದ್ದೇನು? ೧೯೧೩ರಿಂದ ೧೯೧೮ರವರೆಗೆ ಅದೇ ಹಿಂದೂ ಕಾಲೇಜಿಗೆ ಮರಳಿ ಬಂದು ಪಾಠ ಹೇಳಿದರು. ಕಾಶಿಯಲ್ಲಿಯೂ ಚಿದಂಬರದಲ್ಲಿಯೂ ಸೇವೆ ಮಾಡಿ, ೧೯೨೯ರಲ್ಲಿ ಕೃಷ್ಣಸ್ವಾಮಿ ಅಯ್ಯಂಗಾರ್ಯರ ಪೀಠವನ್ನು ಅಲಂಕರಿಸಿದರು. ಚೋಳರ ಇತಿಹಾಸದ ಮೊದಲ ಸಂಪುಟವು ೧೯೩೫ರಲ್ಲಿ ಹೊರಬಂದಿತು. ೧೯೫೨ರಿಂದ ಕೆಲವು ವರ್ಷ ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೂ ಪ್ರಾಧ್ಯಾಪಕರಾಗಿದ್ದರು. ಇಂದಿಗೂ ವಿದ್ಯಾರ್ಥಿಗಳು ಓದುವ ದಕ್ಷಿಣ ಭಾರತದ ಇತಿಹಾಸವು ೧೯೫೫ರಲ್ಲಿ ಪ್ರಕಟವಾಯಿತು. ತಿರುನೆಲ್ವೇಲಿಯಲ್ಲಿ ಆ ಸಣ್ಣ ಕಾಲೇಜು ಇಲ್ಲದಿದ್ದರೆ ಚೋಳರ ಇತಿಹಾಸವನ್ನು ಮತ್ತಾರೋ ಬರೆಯುತ್ತಿದ್ದರೆಂದು ಹೇಳಬಹುದು. ಆದರೆ ಶಾಸ್ತ್ರಿಗಳ ಪಾಂಡಿತ್ಯಕ್ಕಿಂತಲೂ ನಮ್ಮನ್ನು ಹೆಚ್ಚಾಗಿ ಸೆಳೆಯುವುದು ಆ ಐದು ವರ್ಷ; ಮದರಾಸನ್ನು ಕಂಡು ಬಂದ ತರುಣನು ತಾನು ಕುಳಿತಿದ್ದ ಬೆಂಚಿನ ಎದುರಿಗೆ ನಿಂತು ಪಾಠ ಹೇಳಿದ ಆ ಐದು ವರ್ಷ.

ನಮ್ಮ ಮಂಜೇಶ್ವರದ ಗೋವಿಂದ ಪೈಗಳ ದಾರಿ ಬೇರೆಯಾಯಿತು. ೧೮೮೩ರಲ್ಲಿ ಮಂಜೇಶ್ವರದಲ್ಲಿ ಜನಿಸಿದ ಅವರು ಮಂಗಳೂರಿನಲ್ಲಿ ಮೊದಲ ವಿದ್ಯಾಭ್ಯಾಸವನ್ನು ಮುಗಿಸಿ, ಪದವಿಗಾಗಿ ಮದರಾಸಿಗೆ ಹೋದರು. ನಮ್ಮ ಊರುಗಳಿಗೆ ಇನ್ನೂ ರೈಲು ಬಾರದಿದ್ದ ಕಾಲ. ತಂದೆಯವರ ಮರಣದಿಂದ ಓದು ನಡುವೆಯೇ ನಿಂತಿತು, ಪದವಿಯಿಲ್ಲದೆ ಹಿಂದಿರುಗಿದರು. ಮುಂದಿನ ಅರ್ಧ ಶತಮಾನ ಮಂಜೇಶ್ವರದ ಮನೆಯೇ ಅವರ ವಿಶ್ವವಿದ್ಯಾನಿಲಯ. ಹಲವಾರು ಭಾಷೆಗಳನ್ನು ಕಲಿತು, ಶಾಸನಗಳ ತೇದಿಗಳನ್ನು ಲೆಕ್ಕ ಹಾಕಿ, ಕವಿಗಳ ಕಾಲವನ್ನೂ ರಾಜರ ಕಾಲವನ್ನೂ ಕುರಿತು ಲೇಖನಗಳನ್ನು ಬರೆದರು. ೧೯೪೯ರಲ್ಲಿ ಮದರಾಸು ಸರಕಾರವು ಅವರಿಗೆ ರಾಷ್ಟ್ರಕವಿ ಪ್ರಶಸ್ತಿಯನ್ನಿತ್ತಿತು. ೧೯೫೧ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದರು. ೧೯೬೩ರಲ್ಲಿ ಅವರು ದಿವಂಗತರಾದ ಮೇಲೆ ಅವರ ಗ್ರಂಥಭಂಡಾರವು ಉಡುಪಿಯ ಎಂ.ಜಿ.ಎಂ. ಕಾಲೇಜಿನ ಸಂಶೋಧನ ಕೇಂದ್ರದಲ್ಲಿ ನೆಲೆಗೊಂಡಿತು.

ಪೈಗಳ ಉದಾಹರಣೆಯನ್ನು ಕೊಟ್ಟು, ಪದವಿಯಿಲ್ಲದಿದ್ದರೇನಂತೆ, ಛಲವೊಂದಿದ್ದರೆ ಸಾಕು ಎಂದು ಸಭೆಗಳಲ್ಲಿ ಭಾಷಣ ಮಾಡುವವರುಂಟು. ನಮಗೆ ಆ ಮಾತು ಹಿಡಿಸುವುದಿಲ್ಲ. ಪೈಗಳಿಗೆ ಛಲದ ಜೊತೆಗೆ ಅನುಕೂಲವಾದ ಮನೆಯಿತ್ತು. ಪುಸ್ತಕಗಳನ್ನು ತರಿಸಿಕೊಳ್ಳುವ ಶಕ್ತಿಯಿತ್ತು. ಹೊಟ್ಟೆಪಾಡಿಗಾಗಿ ಮತ್ತೊಬ್ಬರ ಕೈಕೆಳಗೆ ದುಡಿಯಬೇಕಾಗಿರಲಿಲ್ಲ. ಓದು ನಡುವೆ ನಿಂತ ಬೇರೆ ನೂರಾರು ಮಂದಿಗೆ ಇವು ಯಾವುವೂ ಇರಲಿಲ್ಲ. ಅವರ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ.

ಅಂಥವರಲ್ಲಿ ಒಬ್ಬರು ನಮ್ಮ ನೆರೆಮನೆಯ ಅಜ್ಜ. ೧೯೫೫ರಲ್ಲಿ ಮಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದರು. ಇತಿಹಾಸದಲ್ಲಿ ಬಿ.ಎ. ಓದಬೇಕೆಂಬ ಬಯಕೆ ಬಲವಾಗಿತ್ತು. ಆ ವರ್ಷ ತೋಟಕ್ಕೆ ಕೊಳೆರೋಗ ಬಡಿಯಿತು; ಮರುವರ್ಷ ತಂಗಿಯ ಮದುವೆ; ಅಷ್ಟರಲ್ಲಿ ೧೯೫೬ರ ನವೆಂಬರ್ ೧ ಬಂದಿತು. ರಾಜ್ಯಗಳು ಭಾಷಾವಾರು ವಿಂಗಡಣೆಯಾಗಿ ಮಂಗಳೂರು ಮೈಸೂರು ರಾಜ್ಯಕ್ಕೂ, ನಮ್ಮ ತಾಲೂಕು ಕೇರಳಕ್ಕೂ ಸೇರಿದುವು. ಅಜ್ಜನು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು ನಿವೃತ್ತರಾದರು.

ಈ ೧೯೫೬ನ್ನು ಕುರಿತು ನಮ್ಮ ಸಂಚಿಕೆಗಳಲ್ಲಿ ಬರೆದಷ್ಟನ್ನು ಬೇರೆ ಯಾವುದನ್ನು ಕುರಿತೂ ಬರೆದಿಲ್ಲ. ಚಂದ್ರಗಿರಿಯಿಂದ ಉತ್ತರದ ಭಾಗವು ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗವು ೧೯೬೭ರಲ್ಲಿ ಹೇಳಿದ್ದನ್ನೂ, ಅದು ಕಾರ್ಯರೂಪಕ್ಕೆ ಬಾರದಿದ್ದುದನ್ನೂ ವಾಚಕರು ಚೆನ್ನಾಗಿ ಬಲ್ಲರು. ಆದರೆ ಆ ದಿನದಿಂದ ಕಾಲೇಜಿನ ಸೇತುವೆಗೆ ಏನಾಯಿತೆಂಬುದನ್ನು ನಾವು ಅಷ್ಟಾಗಿ ವಿಚಾರ ಮಾಡಿಲ್ಲ. ಅದಕ್ಕೆ ಮೊದಲು ಕಾಸರಗೋಡು, ಮಂಗಳೂರು ಎರಡೂ ಒಂದೇ ವಿಶ್ವವಿದ್ಯಾನಿಲಯದ ನೆರಳಿನಲ್ಲಿದ್ದುವು. ಅನಂತರ ನಮ್ಮದು ಕೇರಳ ವಿಶ್ವವಿದ್ಯಾನಿಲಯ; ೧೯೬೮ರಿಂದ ಕಲ್ಲಿಕೋಟೆ; ೧೯೯೬ರಿಂದ ಕಣ್ಣೂರು. ಮಂಗಳೂರಿನದು ಮೈಸೂರು ವಿಶ್ವವಿದ್ಯಾನಿಲಯ, ೧೯೮೦ರಿಂದ ತನ್ನದೇ. ತಲಪಾಡಿಯ ಈಚೆ ಪಾಸಾದುದನ್ನು ಆಚೆಯವರು ಒಪ್ಪುವುದಕ್ಕೂ, ಆಚೆಯದನ್ನು ಈಚೆಯವರು ಒಪ್ಪುವುದಕ್ಕೂ ಸಮಾನತೆಯ ಪತ್ರ, ಅರ್ಹತೆಯ ಪತ್ರ ಎಂಬ ಕಾಗದಗಳು ಬೇಕಾದುವು. ಹಡಗು ಹತ್ತಿ ಮದರಾಸಿಗೆ ಹೋಗುತ್ತಿದ್ದ ಹುಡುಗನಿಗೆ ಇಲ್ಲದಿದ್ದ ತೊಡಕು, ಬಸ್ಸಿನಲ್ಲಿ ಒಂದು ಗಂಟೆ ಪಯಣಿಸುವ ಹುಡುಗಿಗೆ ಬಂದಿತು.

ಒಳ್ಳೆಯದೇನೂ ಆಗಲಿಲ್ಲವೆಂದು ಹೇಳಿದರೆ ಕೃತಘ್ನತೆಯಾದೀತು. ೧೯೫೭ರಲ್ಲಿ ಕಾಸರಗೋಡಿನಲ್ಲಿ ಸರಕಾರಿ ಕಾಲೇಜು ಪ್ರಾರಂಭವಾಯಿತು. ಅಲ್ಲಿಯ ಕನ್ನಡ ವಿಭಾಗವು ನಮ್ಮ ನಾಡಿಗೆ ಎಷ್ಟು ಮಂದಿ ಅಧ್ಯಾಪಕರನ್ನೂ ಬರಹಗಾರರನ್ನೂ ಕೊಟ್ಟಿತೆಂಬುದಕ್ಕೆ ಈ ಸಂಚಿಕೆಯ ಪುಟಗಳೇ ಸಾಕ್ಷಿ. ಕೇರಳದಲ್ಲಿ ೧೯೬೪ರಿಂದ ಎರಡು ವರ್ಷದ ಪ್ರಿ-ಡಿಗ್ರಿ ತರಗತಿಗಳು ಕಾಲೇಜಿನಲ್ಲಿಯೇ ನಡೆಯುತ್ತಿದ್ದುವು. ಹಳೆಯ ಇಂಟರ್‌ಮೀಡಿಯೆಟ್ಟೇ ಬೇರೆ ಹೆಸರಿನಲ್ಲಿ ಮರಳಿ ಬಂದಂತಾಯಿತು. ೨೦೦೦ದ ಸುಮಾರಿಗೆ ಅದು ಕಾಲೇಜಿನಿಂದ ಹೊರಬಿದ್ದು ಹೈಯರ್ ಸೆಕೆಂಡರಿ ಶಾಲೆಗೆ ಸೇರಿತು. ನಾವು ಆ ಪ್ರಿ-ಡಿಗ್ರಿಯ ಕಡೆಯ ತಂಡಗಳವರು. ಹದಿನಾರನೆಯ ವಯಸ್ಸಿನಲ್ಲಿ ಕಾಲೇಜಿನ ಪುಸ್ತಕಾಲಯದ ಕಪಾಟನ್ನು ಮುಟ್ಟುವ ಭಾಗ್ಯ ನಮಗಿತ್ತು. ಇಂದಿನ ಹದಿನಾರರವರಿಗೆ ಅದಿಲ್ಲ. ಇದನ್ನು ಲಾಭವೆನ್ನುವವರೂ ಇದ್ದಾರೆ. ನಾವು ಹಾಗೆ ತಿಳಿಯುವುದಿಲ್ಲ.

ನಮ್ಮ ಶಿಷ್ಯೆಯೊಬ್ಬಳ ಸಂಗತಿಯನ್ನು ಹೇಳಿ ಈ ಭಾಗವನ್ನು ಮುಗಿಸುವೆವು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಹಳಗನ್ನಡದ ಪಾಠದಲ್ಲಿ ತಾನಾಗಿಯೇ ಅಕ್ಷರಗಳ ಹಳೆಯ ರೂಪಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದಳು. ಪದವಿಯಲ್ಲಿ ಇತಿಹಾಸವನ್ನು ಆರಿಸಿ, ಇಂಗ್ಲಿಷಿನಲ್ಲಿ ಹೆಣಗಿ, ಒಳ್ಳೆಯ ಅಂಕಗಳನ್ನೇ ಪಡೆದಳು. ಎಂ.ಎ.ಗೆ ಗಡಿಯಾಚೆಯ ಸಂಸ್ಥೆಯೊಂದರಲ್ಲಿ ಸ್ಥಳವೂ ಸಿಕ್ಕಿತು. ಬೇಕಾಗಿದ್ದ ಒಂದು ಪತ್ರವು ಒಂದು ಕಚೇರಿಯಿಂದ ಬರುವ ಹೊತ್ತಿಗೆ ಸೇರುವ ಕೊನೆಯ ದಿನವು ಹನ್ನೊಂದು ದಿನ ಹಿಂದೆ ಸರಿದುಹೋಗಿತ್ತು. ಈಗ ಆಕೆ ಒಂದು ಸಹಕಾರಿ ಸಂಸ್ಥೆಯಲ್ಲಿ ಗುಮಾಸ್ತೆ. ಕೆಲಸ ಚೆನ್ನಾಗಿದೆ, ಮನೆಗೆ ಸಮೀಪ. ದುಃಖವೇನೂ ಇಲ್ಲವೆಂದು ಹೇಳುತ್ತಾಳೆ. ದುಃಖಪಡಬೇಕಾದವರು ನಾವು.

ಏಕೆಂದರೆ ಈ ನೆಲದ ಇತಿಹಾಸವನ್ನು ಬರೆಯಬಲ್ಲವರು ಇಂಥ ಮಕ್ಕಳೇ. ತಳಂಗರೆಯ ಶಾಸನವು ಹಳಗನ್ನಡದ್ದು. ನಮ್ಮ ಮನೆಗಳ ಅಟ್ಟದಲ್ಲಿರುವ ಓಲೆಗರಿಗಳಲ್ಲಿ ತುಳುಲಿಪಿಯವು ಹಲವು. ದೇವಾಲಯದ ಲೆಕ್ಕಪತ್ರ, ಮೂಲಗೇಣಿಯ ಚೀಟಿ, ಪಟ್ಟೆಕಾಗದಗಳು ಕನ್ನಡದಲ್ಲಿವೆ. ೧೯೫೬ರ ಈಚಿನ ಕಡತಗಳು ಬಹುಮಟ್ಟಿಗೆ ಮಲೆಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ. ತಿರುವನಂತಪುರದಿಂದ ಬಂದ ಸಂಶೋಧಕರಿಗೆ ಕನ್ನಡ ಬಾರದು. ಧಾರವಾಡದಿಂದ ಬಂದವರಿಗೆ ಮಲೆಯಾಳ ಬಾರದು. ಕನ್ನಡವನ್ನು ಮನೆಯಲ್ಲಿ, ಮಲೆಯಾಳವನ್ನು ಪೇಟೆಯಲ್ಲಿ, ತುಳುವನ್ನು ಗದ್ದೆಯಲ್ಲಿ ಕಲಿತ ನಮ್ಮ ಮಗುವಿಗೆ ಮೂರೂ ಬರುತ್ತವೆ. ಅಕ್ಕಲಕೋಟೆ, ಜತ್ತದ ಕಡೆಯ ಕನ್ನಡ ಮನೆಯ ಮಗುವಿಗೆ ಮರಾಠಿ ಹೇಗೋ, ಆದವಾನಿಯ ಮಗುವಿಗೆ ತೆಲುಗು ಹೇಗೋ, ಹಾಗೆಯೇ. ಗಡಿಯಲ್ಲಿ ಹುಟ್ಟಿದುದನ್ನು ನಾವು ಯಾವಾಗಲೂ ಕಷ್ಟವೆಂದೇ ಎಣಿಸುತ್ತ ಬಂದಿದ್ದೇವೆ. ಇತಿಹಾಸದ ಕೆಲಸಕ್ಕೆ ಮಾತ್ರ ಅದು ಮೂಲಧನ. ನಮ್ಮ ಸಂಘವು ಪ್ರತಿವರ್ಷ ಅಂಕ ಪಡೆದವರಿಗೆ ಬಹುಮಾನ ಕೊಡುತ್ತದೆ. ಅದರ ಜೊತೆಗೆ ಜೂನ್ ತಿಂಗಳಿನಲ್ಲಿ ಎರಡು ದಿನ ಯಾರಾದರೂ ತಿಳಿದವರನ್ನು ಕುಳ್ಳಿರಿಸಿ, ಗಡಿಯಾಚೆ ಸೇರುವ ಮಕ್ಕಳಿಗೆ ಯಾವ ಪತ್ರ ಎಲ್ಲಿಂದ ಎಷ್ಟು ದಿನ ಮುಂಚೆ ತರಿಸಬೇಕೆಂದು ಹೇಳಿಸಿದರೆ, ಬಹುಮಾನಕ್ಕಿಂತ ಹೆಚ್ಚಿನ ಉಪಕಾರವಾದೀತು.

ಅಜ್ಜನ ಮನೆಯ ವಿಷಯವನ್ನು ಅರ್ಧಕ್ಕೇ ಬಿಟ್ಟೆವು. ಆ ದಿನ ಮೊಮ್ಮಗಳು, ಸೆಕೆಂಡ್ ಗ್ರೇಡ್ ಕಾಲೇಜಿನಲ್ಲಿ ತಾವು ಓದಿದ್ದೇನೆಂದು ಮತ್ತೆ ಮತ್ತೆ ಕೇಳಿದ್ದರಿಂದ, ಅಜ್ಜನು ಒಳಗಿನ ಪೆಟ್ಟಿಗೆಯಿಂದ ತಮ್ಮ ಇಂಟರ್‌ಮೀಡಿಯೆಟ್ಟಿನ ಟಿಪ್ಪಣಿಯ ಪುಸ್ತಕವನ್ನು ತರಿಸಿದರು. ಗೆದ್ದಲು ಅಂಚನ್ನು ಮಾತ್ರ ತಿಂದಿತ್ತು. ಮುಂದಿನಿಂದ ತೆರೆದರೆ ಗ್ರೀಸಿನ ನಕ್ಷೆ, ರೋಮಿನ ರಾಜ್ಯಪದ್ಧತಿ, ಎಲ್ಲವೂ ದುಂಡಗಿನ ಇಂಗ್ಲಿಷ್ ಅಕ್ಷರದಲ್ಲಿ. ಹುಡುಗಿ ನಕ್ಕು, ತಾನೂ ಇದನ್ನೇ ಓದುತ್ತಿರುವೆನೆಂದಳು. ಹಿಂದಿನಿಂದ ತೆರೆದಾಗ ಬೇರೆಯೇ ಇತ್ತು. ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಸಮೀಪದ ಗುಡಿಯ ಹೊರಸುತ್ತಿನಲ್ಲಿದ್ದ ಶಾಸನದ ಕಲ್ಲನ್ನು ನೋಡಿ, ತಿಳಿಯದಿದ್ದರೂ ಅಕ್ಷರದ ಆಕಾರವನ್ನು ಹಾಗೆಯೇ ಪೆನ್ಸಿಲಿನಿಂದ ಬಿಡಿಸಿಕೊಂಡಿದ್ದರು. ಒಟ್ಟು ಒಂಬತ್ತು ಸಾಲು. ಆ ಗುಡಿಯ ಜೀರ್ಣೋದ್ಧಾರವಾದಾಗ ಕಲ್ಲು ಅಡಿಪಾಯಕ್ಕೆ ಹೋಯಿತೆಂದು ಊರಿನವರೆಲ್ಲ ಬಲ್ಲರು.

ಹುಡುಗಿಯು ಆ ಪುಟಗಳ ಚಿತ್ರವನ್ನು ತೆಗೆದುಕೊಂಡು ಹೋದಳು. ಕನ್ನಡ ಲಿಪಿಯನ್ನು ಕಲಿಯುತ್ತಿರುವಳೆಂದು ಮೊನ್ನೆ ತಿಳಿಯಿತು. ಪುಸ್ತಕವು ಈಗ ನಮ್ಮಲ್ಲಿದೆ. ನಮ್ಮ ಶಿಷ್ಯೆಯನ್ನು ಎರಡು ಭಾನುವಾರ ಮನೆಗೆ ಕರೆಸಿ, ಕೂಡಿ ಕುಳಿತು ನೋಡಿದೆವು. ಮೊದಲ ಮೂರು ಸಾಲುಗಳಲ್ಲಿ ಸ್ವಸ್ತಿ ಎಂಬುದೂ, ಶಕವರ್ಷದ ಮಾತೂ, ಗದ್ದೆಯ ಬಿತ್ತನೆಯ ಅಳತೆಯೂ ಆಕೆಗೆ ಸಿಕ್ಕಿದುವು. ನಾಲ್ಕನೆಯ ಸಾಲಿನಲ್ಲಿ ದಾನ ಕೊಟ್ಟವರ ಹೆಸರಿರಬೇಕು. ಅದನ್ನು ಇನ್ನೂ ಓದಲಾಗಿಲ್ಲ.